ಯಜಮಾನರಿಗೆ ಹಾಕಿದ ಹೂಚೌಕಟ್ಟು

ವೆಬ್‌ಸೈಟ್ ಮಾಡೋ ಕೆಲಸದಲ್ಲಿ ಎದೆ ಧಸಕ್ಕನ್ನದ ವಾರವೇ ಇರಲಿಲ್ಲ ನೋಡಿ. ಎರಡು ಸಾವಿರದ ಇಸವಿ ದಾಟಿದ ಹೊಸತು. ಚಳ್ಳಕೆರೆಯಲ್ಲಿ ನಾನೂ ನನ್ನ ಗೆಳೆಯನೂ ಕಂಪ್ಯೂಟರ್ ಸೆಂಟರ್ ಇಟ್ಟಿದ್ದೆವು. ಮೊದಲ ಗಿರಾಕಿ ಮೊಳಕಾಲ್ಮೂರಿನ ರೇಷ್ಮೆ ಸೀರೆ ಅಂಗಡಿಯ ಯಜಮಾನರು. "ಮಗಳ ನಿಶ್ಚಿತಾರ್ಥಕ್ಕೆ ಮುಂಚೆ ಆಗ್ಬೇಕು ಕಣಪ್ಪಾ, ಬೀಗರು ಬಳ್ಳಾರೀಲಿ ಕೂತು ನೋಡ್ಬೇಕು" ಅಂದಿದ್ದರು.

ಹೆಸರು ಕೆಂಪು, ಬಣ್ಣ ಹಸಿರು

ವೆಬ್ ಪುಟದ ಅಕ್ಷರಕ್ಕೆ, ಚಿತ್ರಕ್ಕೆ ಕ್ಲಾಸ್ ಅಂತ ಒಂದು ಚೀಟಿ ಅಂಟಿಸುತ್ತೇವೆ. ಚೀಟಿಯ ರೂಪ ಒಂದು ಕಡೆ ಬದಲಿಸಿದರೆ ಅದು ಅಂಟಿದ ಕಡೆಯೆಲ್ಲ ಬದಲು. ಹೊಸ ಸೀರೆಗಳ ಹೆಸರಿಗೆಲ್ಲ ನಾನು ‘ಕೆಂಪು’ ಅಂತ ಅಂಟಿಸಿದ್ದೆ. ಯಜಮಾನರು ಹಸಿರು ಬೇಕೆಂದರು. ಒಂದೇ ಸಾಲಲ್ಲಿ ಹಸಿರು ಮಾಡಿದೆ. ಗೆಳೆಯ ಹೌಹಾರಿದ.

"ಲೇ, ಕೆಂಪು ಅಂತ ಬರ್ದು ಹಸಿರು ಬಳ್ದೀಯಲ್ಲ, ತಲೆ ನೆಟ್ಟಗೈತಾ? ಹೆಂಗೆ ಕಾಣ್ತೈತೆ ಅಂತಲ್ಲ, ಅದು ಏನು ಅಂತ ಹೆಸರಿಡು. ‘ಹೊಸಸೀರೆ’ ಅನ್ನು."

"ನಮ್ಮ ಬೀದಿ ಕರಿಯಪ್ಪ ಹಾಲಿನಂಗೆ ಬೆಳ್ಳಗವ್ನೆ. ಹೋಗಿ ಅವನ ಹೆಸರು ಬದ್ಲಾಯಿಸಿ ಬಾ" ಅಂದೆ.

ಬೀಗರ ಫೋನು

ಯಜಮಾನರ ತಂದೆ ತೀರಿಕೊಂಡು ವರ್ಷಗಳಾಗಿದ್ದವು. ಅವರ ಫೋಟೋದ ಸುತ್ತ ಹಾರ ಬಿಡಿಸಿ ‘ಹೂಚೌಕಟ್ಟು’ ಅಂತ ಕ್ಲಾಸ್ ಮಾಡಿದೆ. ಗೆಳೆಯ ‘ದಿವಂಗತರು’ ಅಂತಿಡು ಅಂದ. ಕೇಳಿದರೆ ತಾನೆ! ನೋಡೋಕೆ ಚೆಂದ ಇತ್ತಲ್ಲ, ಯಜಮಾನರ ಫೋಟೋಗೂ ಅದನ್ನೇ ಅಂಟಿಸಿಬಿಟ್ಟೆ.

ನಿಶ್ಚಿತಾರ್ಥಕ್ಕೆ ಮೂರೇ ದಿನ. ಬೀಗರು ಅಂಗಡಿಗೆ ಫೋನ್ ಮಾಡಿದರಂತೆ: "ಅಯ್ಯೋ ಶಿವನೇ, ಯಜಮಾನ್ರ ಫೋಟೋಗೆ ಹಾರ ಹಾಕಿದ್ದು ಕಂಪ್ಯೂಟರ್‌ನಾಗೆ ನೋಡಿದ್ವಿ. ಸೂತಕದಾಗೆ ನಿಶ್ಚಿತಾರ್ಥ ಬ್ಯಾಡ, ನಿಲ್ಸಾಣ. ಅಂದಂಗೆ, ಮಾತಾಡೋದು ಯಾರು?"

"ತೀರ್ಕೊಂಡೋನೇ ಮಾತಾಡ್ತಿದೀನಿ ಕಣ್ರೀ!"

ಆ ಕಡೆ ಫೋನು ಬಿದ್ದ ಸದ್ದು ಕೇಳಿಸಿತಂತೆ.

ಎರಡು ಪಂಚೆ

"ಮಗಳ ನಿಶ್ಚಿತಾರ್ಥ ನಿಂತ್ರೆ ನಿನ್ನ ಸುಮ್ನೆ ಬಿಡಲ್ಲ. ಹಾರ ತೆಗಿಯೋ!" ಅಂತ ಯಜಮಾನರು ಗುಡುಗಿದರು. ಆತುರದಲ್ಲಿ ಅವರ ಫೋಟೋದ ಚೀಟಿ ಕೀಳುವ ಬದಲು, ಕ್ಲಾಸಿನಲ್ಲೇ ಹಾರ ಅಳಿಸಿಬಿಟ್ಟೆ. ಬೀಗರು ಮತ್ತೆ ನೋಡಿ, ಗೊತ್ತು ಮಾಡಿದ ದಿನವೇ ಬರ್ತೀವಿ ಅಂದರು. ಬದುಕಿದೆ ಅಂದುಕೊಂಡು ನಾನೂ ನಿಶ್ಚಿತಾರ್ಥದ ಊಟಕ್ಕೆ ಹೋದೆ.

ಬೀಗರು ತಟ್ಟೆಯಲ್ಲಿ ಎರಡು ಪಂಚೆ ಇಟ್ಟುಕೊಂಡು ಕೂತಿದ್ದರು. "ಇದು ನಿಮಗೆ. ಇದು ನಿಮ್ಮ ತಂದೆಯವ್ರಿಗೆ. ಅವ್ರ ಹಾರಾನೂ ತೆಗ್ದಿದ್ರಲ್ಲ, ಅವ್ರಿಗೂ ನಿಮ್ಮಂಗೇ ತಪ್ಪಾಗಿ ಹಾಕಿದ್ರು ಅಂತ ಗೊತ್ತಾತು. ಹಿರೀರನ್ನ ಕರೀರಿ. ಅವ್ರು ಬರೋತನ್ಕ ತಾಂಬೂಲ ಮುಟ್ಟಾದಿಲ್ಲ."

ಯಜಮಾನರು ನನ್ನ ಕಡೆ ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಆಗ ಯಜಮಾನರ ಅವ್ವ, ಎಂಬತ್ತು ದಾಟಿದ ಮುದುಕಿ, ಗೋಡೆಗೊರಗಿ ಕೂತಲ್ಲಿಂದಲೇ ಕೈ ಚಾಚಿದರು:

"ಇತ್ತ ಕೊಡ್ರಪ್ಪ ಆ ಪಂಚೆ. ನಾನು ಹೋಗೋವಾಗ ಒಯ್ದು ಅವ್ರಿಗೆ ಕೊಡ್ತೀನಿ. ನೀವು ತಾಂಬೂಲ ಬದ್ಲಾಯಿಸ್ಕಳ್ರಿ."