ಕುಣಿಯೊಳಗೆ ಇಳಿದ ಪಾದ್ರಿ

ನನ್ನ ಸೋದರಮಾವನಷ್ಟು ಹಟಮಾರಿ ಪಾದ್ರಿಯನ್ನು ದೇವರು ಬೇರೆಲ್ಲೂ ಕಳಿಸಿರಲಾರ. ಭಾಲ್ಕಿಯ ಚರ್ಚಿನಲ್ಲಿ ಇಬ್ಬರು ಹೆಂಗಸರು ಮುಂದಿನ ಬೆಂಚಿಗಾಗಿ ಕಿತ್ತಾಡಿದಾಗ ಅವರು ನ್ಯಾಯ ಹೇಳಲಿಲ್ಲ. ಇದ್ದಬದ್ದ ಬೆಂಚುಗಳನ್ನೆಲ್ಲ ಹೊರಗೆ ಹಾಕಿಸಿ ಇಡೀ ಸಭೆಯನ್ನು ಚಾಪೆಯ ಮೇಲೆ ಕೂರಿಸಿದರು. ಮೊಣಕಾಲು ನೋವಿನ ಮುದುಕರು ಆ ಇಬ್ಬರನ್ನು ಶಪಿಸಿದ್ದೇ ಶಪಿಸಿದ್ದು! ಯಾರಾದರೂ ದೂರು ಹೊತ್ತು ಬಂದರೆ ತಮ್ಮ ಸೈಕಲ್ಲನ್ನು ಅವರ ಕೈಗೆ ಕೊಟ್ಟು ಜೊತೆಗೆ ನಡೆಯುತ್ತಿದ್ದರು. ಎರಡು ಹರದಾರಿ ಸೈಕಲ್ಲು ತಳ್ಳಿದವನಿಗೆ ದೂರು ಎಲ್ಲಿ ನೆನಪಿರಬೇಕು?

ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಬಂದ ಜಗಳ ಮಾತ್ರ ಇಂಥ ಉಪಾಯಗಳಿಗೆ ಬಗ್ಗಲಿಲ್ಲ. ಔರಾದ್ ಹತ್ತಿರದ ಹಳ್ಳಿಯೊಂದರಲ್ಲಿ ಮಾವ ನೋಡಿಕೊಳ್ಳುತ್ತಿದ್ದ ಇನ್ನೊಂದು ಸಣ್ಣ ಸಭೆಯಿತ್ತು. ಅಲ್ಲಿ ಪ್ರಾರ್ಥನೆ ಮೊದಲಿನಿಂದಲೂ ಮರಾಠಿಯಲ್ಲಿ. ಇನ್ನು ಕನ್ನಡದಲ್ಲಾಗಬೇಕು ಎಂದು ಅರ್ಧ ಜನ, ಕೂಡದು ಎಂದು ಉಳಿದರ್ಧ. ಒಂದು ಗುಂಪಿಗೆ ಅಣ್ಣ ಮುಖಂಡ, ಇನ್ನೊಂದಕ್ಕೆ ಅವನ ಒಡಹುಟ್ಟಿದ ತಮ್ಮ. ಒಂದೇ ಅಂಗಳದ ಎರಡು ಮನೆಗಳಲ್ಲಿ ಮಾತು ನಿಂತಿತು. ಅಷ್ಟರಲ್ಲಿ ಅವರ ತಾಯಿ ತೀರಿಕೊಂಡಳು.

ನಾನಾಗ ಔರಾದಿನಲ್ಲಿ ಶಿಕ್ಷಕಿ. ಮಾವನ ಜೊತೆ ಹೋದೆ. ಮುದುಕಿ ಸತ್ತದ್ದು ನಸುಕಿನಲ್ಲಿ. ಮಧ್ಯಾಹ್ನ ಕಳೆದರೂ ಕುಣಿ ಅರ್ಧ ತೋಡಿದ ಹಾಗೆಯೇ ಇತ್ತು. ಯಾವ ಭಾಷೆಯಲ್ಲಿ ಮಣ್ಣು ಮಾಡಬೇಕೆಂಬುದು ತೀರ್ಮಾನವಾಗಿರಲಿಲ್ಲ. ಹೆಣದ ಮೇಲಿನ ನೊಣ ಓಡಿಸುತ್ತ ಕೂತಿದ್ದವಳು ಸೊಸೆಯಲ್ಲ, ನೆರೆಮನೆಯ ಹೆಂಗಸು.

ಮಾವ ನಿಲುವಂಗಿ ಕಳಚಿ ನನ್ನ ಕೈಗಿತ್ತು, ಸಲಿಕೆ ಹಿಡಿದು ಕುಣಿಗಿಳಿದು ಉಳಿದದ್ದನ್ನು ತಾವೇ ತೋಡಿದರು. ತೋಡಿ ಮುಗಿದರೂ ಮೇಲೆ ಬರಲಿಲ್ಲ.

"ಪಾದ್ರಿ ಸಾಹೇಬ್ರ, ಮ್ಯಾಲ ಬರ್ರಿ. ಯಾವ ಭಾಷಾದಾಗ ಓದ್ತೀರಿ, ಮೊದಲ ಹೇಳ್ರಿ," ಎಂದ ಅಣ್ಣ.

"ನಾ ಏನೂ ಓದಂಗಿಲ್ಲ. ನಿಮ್ಮವ್ವನ್ನ ನೀವಿಬ್ಬರೇ ತಂದು ನನ್ನ ಕೈಯಾಗ ಕೊಡ್ರಿ. ಅಲ್ಲೀತನಕ ನಾ ಇಲ್ಲೇ ಇರ್ತೇನಿ."

ಹಾಗೆಂದವರೇ ಕುಣಿಯೊಳಗೆ ಕೂತುಬಿಟ್ಟರು. ಮೇಲಿನಿಂದ ಕಾಣುತ್ತಿದ್ದದ್ದು ಬೋಳು ತಲೆಯೊಂದೇ. ಯಾರೋ ನಕ್ಕರು, ಆಮೇಲೆ ಯಾರೂ ನಗಲಿಲ್ಲ. ಬಹಳ ಹೊತ್ತಿನ ಮೇಲೆ ತಮ್ಮ ಎದ್ದು ತಾಯಿಯ ಕಾಲ ಬಳಿ ಹೋದ. ಇನ್ನಷ್ಟು ತಡೆದು ಅಣ್ಣ ತಲೆಯ ಬಳಿ ನಿಂತ. ಒಬ್ಬರ ಮುಖ ಒಬ್ಬರು ನೋಡದೆ ಎತ್ತಿ ತಂದು ಇಳಿಸಿದರು. ಮಾವ ಎರಡೂ ತೋಳು ಚಾಚಿ ಇಸಿದುಕೊಂಡು ಮಲಗಿಸಿದರು. ನಿಜಕ್ಕೂ ಏನೂ ಓದಲಿಲ್ಲ. ಅವರನ್ನು ಮೇಲಕ್ಕೆಳೆಯಲು ಮಾತ್ರ ಅಣ್ಣನೊಂದು ಕೈ, ತಮ್ಮನೊಂದು ಕೈ ಬೇಕಾಯಿತು.

ರಾಜಿಯಾಯಿತೇ? ಎಲ್ಲಿಯ ರಾಜಿ! ಕಡೆಗೆ ಒಂದು ವಾರ ಕನ್ನಡ, ಒಂದು ವಾರ ಮರಾಠಿ ಎಂದಾಯಿತು. ತಮ್ಮದಲ್ಲದ ವಾರ ಅರ್ಧ ಜನ ಬರುತ್ತಲೇ ಇರಲಿಲ್ಲ.

ಮಣ್ಣು ಮಾಡಿದ ದಿನ ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ಕೇಳಿದೆ, ಪಾದ್ರಿಯಾಗಿ ಒಂದು ಸಣ್ಣ ಪ್ರಾರ್ಥನೆಯನ್ನಾದರೂ ಹೇಳಬಾರದಿತ್ತೇ ಎಂದು. ಅವರು ಉಗುರಿನ ಮಣ್ಣು ತೆಗೆಯುತ್ತ ಕೂತಿದ್ದರು.

"ಹೇಳಬೇಕಂತ ಬಾಯಿ ತೆಗದೆ, ಬರಲಿಲ್ಲವ್ವಾ. ನಮ್ಮವ್ವ, ನಿಮ್ಮಜ್ಜಿ ಸತ್ತಾಗ ನಾ ಬೀದರದಾಗ ಯಾರದೋ ಪಂಚಾಯ್ತಿಗೆ ಕೂತಿದ್ದೆ. ಬರೋದ್ರಾಗ ಮಣ್ಣು ಮುಚ್ಚಿದ್ರು. ಇವತ್ತ ಆ ಮುದುಕಿ ಕೈಯಾಗ ಬಂದ್ಲು ನೋಡು, ಏನೂ ತೂಕನ ಇರ್ಲಿಲ್ಲ."

ನಾನು ಅವರ ಕೈ ಹಿಡಿದುಕೊಂಡೆ. ಬಸ್ಸು ಬರುವ ತನಕ ಬಿಡಲಿಲ್ಲ.