ನಮ್ಮ ಅಂಗಡಿಯ ಆಕ್ಸಿಜನ್ ಅಳೆಯುವ ಯಂತ್ರಕ್ಕೆ, ಮೂವತ್ತೊಂಬತ್ತರ ವಿಷಯವಾಗಿ

ಮಾನ್ಯರೇ,

ಉರಿಗಾಂನ ಡೈವಿಂಗ್ ಅಂಗಡಿಯ ಮೇಜಿನ ಮೇಲೆ, ಅಂಗೈಯಷ್ಟೇ ಇದ್ದರೂ ಎಲ್ಲರನ್ನೂ ಹೆದರಿಸಿಕೊಂಡು ವಿರಾಜಮಾನರಾಗಿರುವ ತಮಗೆ ಶಶಿರೇಖಳ ಸಾವಿರ ನಮಸ್ಕಾರಗಳು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಕೋಳಿ ಕೆದರಿದಂತಿರುವ ಅಕ್ಷರಗಳನ್ನೂ ತಪ್ಪುಗಳನ್ನೂ ಮನ್ನಿಸಬೇಕು. ಎದುರು ನಿಂತು ಮಾತಾಡಲು ನಾಚಿಕೆ, ಅದಕ್ಕೇ ಈ ಕಾಗದ.

ನಿನ್ನೆ ನಾನೊಬ್ಬಳೇ ತುಂಬಿದ್ದು ನನ್ನ ಮೊದಲ ಸಿಲಿಂಡರ್. ಸರಿ ಬಂದರೆ ತುಂಬುವ ಕೆಲಸ ಇನ್ನು ನನ್ನದು, ತಪ್ಪಿದರೆ ಮತ್ತೆ ಡೈವಿಂಗ್ ಬಟ್ಟೆ ತೊಳೆಯುವುದು ಎಂದಿದ್ದರು ಮಾಲೀಕರಾದ ಶ್ರೀನಿವಾಸಪ್ಪನವರು. ನಮ್ಮ ಅಂಗಡಿಯ ಮುಳುಗುಗಾರ ರಾಜ್‌ಕುಮಾರ್ ಅಣ್ಣ ನೀರು ತುಂಬಿದ ಹಳೇ ಕ್ವಾರಿಯಲ್ಲಿ ಮೂವತ್ತು ಮೀಟರ್ ಇಳಿದು, ಮುಳುಗಿದ ಪಂಪಿಗೆ ಹಗ್ಗ ಕಟ್ಟಬೇಕಿತ್ತು. ಅವರಿಗೆ ಬೇಕಾದದ್ದು ನೂರಕ್ಕೆ ಮೂವತ್ತೆರಡು ಪಾಲು ಆಕ್ಸಿಜನ್; ಹೆಚ್ಚಾದರೆ ಆ ಆಳದಲ್ಲಿ ಫಿಟ್ಸ್ ಬರಬಹುದು. ಎಣ್ಣೆಯೂ ಆಕ್ಸಿಜನ್ನೂ ಸೇರಿದರೆ ಬೆಂಕಿಯೆಂದು, ತಲೆಯ ಕೊಬ್ಬರಿ ಎಣ್ಣೆಯನ್ನೂ ತೊಳೆದುಕೊಂಡು ಬಂದು, ಮಗುವಿಗೆ ಹಾಲು ಕುಡಿಸುವಷ್ಟು ನಿಧಾನವಾಗಿ ತುಂಬಿದೆ.

ಅಳೆಯುವ ಮೊದಲು ತಮಗೆ ಬರಿಗಾಳಿ ತೋರಿಸಿ, ಅದರಲ್ಲಿರುವ ಆಕ್ಸಿಜನ್ ಪಾಲಾದ ಇಪ್ಪತ್ತು ಪಾಯಿಂಟ್ ಒಂಬತ್ತಕ್ಕೆ ಗುಂಡಿ ತಿರುಗಿಸಬೇಕು. ಭಯಕ್ಕೆ ನಾನು, ಗುಡಿಯ ಬಸವಣ್ಣನ ಕಿವಿಯಲ್ಲಿ ಹರಕೆ ಹೇಳುವಂತೆ, ತಮ್ಮ ಮೂತಿಗೆ ಒಂದು ಕೈ ಅಡ್ಡ ಹಿಡಿದು, ಮಾನ ಕಾಪಾಡಪ್ಪಾ ಎಂದು ಪಿಸುಗುಟ್ಟುತ್ತಲೇ ತಿರುಗಿಸಿದೆ. ತಾವೋ, ಆಹಾ, ಸಿಲಿಂಡರಿಗೆ ಮೂವತ್ತೊಂಬತ್ತು ತೋರಿಸಿದಿರಿ!

“ಏನಮ್ಮಾ ಶಶಿ, ಕೆಳಕ್ ಓಗಕ್ಕೆ ಗಾಳಿ ಕೇಳಿದ್ರೆ ಮ್ಯಾಲಕ್ ಓಗಕ್ಕೆ ಟಿಕೆಟ್ ಕೊಡ್ತೀಯಲ್ಲ!” ಎಂದರು ರಾಜ್‌ಕುಮಾರ್ ಅಣ್ಣ. ನಾನು ಅಳುತ್ತಾ ಹರಕೆಯ ವಿಷಯ ಒಪ್ಪಿಕೊಂಡೆ. ಶ್ರೀನಿವಾಸಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕು, “ಅದು ಬಸವಣ್ಣ ಅಲ್ಲ ಕಣಮ್ಮ! ಬಿಟ್ಟ ಉಸಿರಲ್ಲಿ ಆಕ್ಸಿಜನ್ ಕಮ್ಮಿ; ನೀನು ಬಿಟ್ಟ ಉಸಿರನ್ನೇ ಊರ ಗಾಳಿ ಅಂದ್ಕೊಂಬುಟ್ಟು ಎಲ್ಲಾನೂ ಜಾಸ್ತಿ ತೋರಿಸೈತೆ. ಇವತ್ತು ಯಾರೂ ಇಳೀಬ್ಯಾಡಿ. ಬೆಳಿಗ್ಗೆ ಇನ್ನೊಂದೇ ಸಲ ನೋಡು, ಅಷ್ಟೇ” ಎಂದರು.

ಎಂಥ ಸತ್ಯಸಂಧರು ತಾವು! ನಾನು ಹೇಳಿಕೊಟ್ಟ ಸುಳ್ಳನ್ನು ಒಂದಂಕಿಯೂ ತಪ್ಪದಂತೆ ಒಪ್ಪಿಸಿದಿರಿ. ಮುಂದೆ ಯಾರಾದರೂ ತಮ್ಮ ಕಿವಿಗೆ ಬಾಯಿಟ್ಟರೆ ದಯವಿಟ್ಟು ಒಮ್ಮೆ ಕೆಮ್ಮಬೇಕು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೈದರೆ ಇಲ್ಲಿ ಯಾರಿಗೂ ಬೇಸರವಿಲ್ಲ. ಭಾನುವಾರ ರಜೆ ಹಾಕಿ, ಮಾರಿಕುಪ್ಪಂ ರೈಲು ಹತ್ತಿ, ಕಿಟಕಿ ಪಕ್ಕ ಕೂತು ಬಂಗಾರಪೇಟೆಯವರೆಗೆ ಒಳ್ಳೆಯ ಗಾಳಿ ಕುಡಿದು ಬರಬೇಕು.

ಇಂತಿ, ತಮ್ಮ ಮುಂದೆ ಇನ್ನೆಂದೂ ಬಾಯಿ ಬಿಡದ ತಮ್ಮ ವಿಶ್ವಾಸಿ,
ಶಶಿರೇಖ

ಮರೆತ ಮಾತು: ತಮ್ಮ ಸೆನ್ಸರಿಗೆ ವಯಸ್ಸಾಯಿತಂತೆ, ಮುಂದಿನ ತಿಂಗಳು ನಿವೃತ್ತಿ, ನಾನಂತೂ ಇರುತ್ತೇನೆ. ಇಂದು ಬೆಳಿಗ್ಗೆ ತಮ್ಮನ್ನು ಅಂಗಳದಲ್ಲಿ ಕೂರಿಸಿ, ಮಾರುದೂರ ಕೈ ಚಾಚಿ ಗುಂಡಿ ತಿರುಗಿಸಿ ಅಳೆದಾಗ ಅದೇ ಸಿಲಿಂಡರಿಗೆ ಮೂವತ್ತೆರಡೇ ಬಂತು. ರಾಜ್‌ಕುಮಾರ್ ಅಣ್ಣನೂ ಅಳೆದು ನೋಡಿ ಸಹಿ ಹಾಕಿದರು. ಸಿಲಿಂಡರಿನ ಟೇಪಿನ ಮೇಲೆ ‘ತುಂಬಿದವರು’ ಎಂಬಲ್ಲಿ ನನ್ನ ಹೆಸರು ಬರೆದೆ.