ಕೆಂಪಿಯ ಕೊಕ್ಕಿನ ಹಳದಿ

ನಾನು ನಿಂತಿದ್ದದ್ದು ಅಲ್ಲಾಳಸಂದ್ರದ ನಮ್ಮ ಮನೆಯ ತಾರಸಿಯಲ್ಲಿ, ನೀರಿನ ಟ್ಯಾಂಕಿಗೂ ಬಟ್ಟೆ ಒಣಗಿಸುವ ತಂತಿಗೂ ನಡುವೆ. ಶನಿವಾರ ಬೆಳಿಗ್ಗೆ, ಹಾಲು ಬಂದ ಮೇಲೆ, ಪೇಪರು ಬರುವ ಮೊದಲು. ಇಷ್ಟು ಕರಾರುವಾಕ್ಕಾಗಿ ಹೇಳುವುದಕ್ಕೆ ಕಾರಣವಿದೆ. ಬೀಗ ಹಾಕಿ ಜಗ್ಗಿ, ಗೇಟಿನವರೆಗೆ ಹೋಗಿ, ಮತ್ತೆ ಬಂದು ಜಗ್ಗುವವನ ಸಾಕ್ಷ್ಯವನ್ನು ಮನೆಯವರು ಸುಲಭವಾಗಿ ನಂಬುವುದಿಲ್ಲ. ಆದರೆ ಅಂದು ಕಂಡದ್ದು ಕಂಡದ್ದೇ. ನಮ್ಮ ನಾಟಿ ಕೋಳಿ ಕೆಂಪಿ, ತನ್ನ ಗೂಡಾಗಿದ್ದ ಟೊಮೆಟೊ ಕ್ರೇಟಿನ ಪಕ್ಕ, ಒಡೆದ ಮೊಟ್ಟೆಯ ಮುಂದೆ ನಿಂತಿತ್ತು. ಕೊಕ್ಕಿನ ತುದಿಯಲ್ಲಿ ಹಳದಿ ಇತ್ತು.

ಆ ವಾರವೆಲ್ಲ ಮೊಟ್ಟೆಗಳು ಕಾಣೆಯಾಗುತ್ತಿದ್ದವು. ನಾನು ಮೊದಲು ಕಾಗೆಯನ್ನು, ಆಮೇಲೆ ಕೇಬಲ್ ಎಳೆಯಲು ಬಂದವನನ್ನು ಅನುಮಾನಿಸಿದ್ದೆ. ಕೋಳಿಯ ಮೇಲೆ ಕಣ್ಣು ಬೀಳುವಂತೆ ಮಾಡಿದ್ದು ಮಗಳು ಸಿಂಚನ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಅವಳು ಸೀಲೋಫೈಸಿಸ್ ಎಂಬ ಡೈನೋಸಾರಿನ ಮೇಲೆ ಭಾಷಣ ಸಿದ್ಧಮಾಡಿ, ಊಟಕ್ಕೆ ಕೂತಾಗಲೆಲ್ಲ ನನಗೆ ಒಪ್ಪಿಸುತ್ತಿದ್ದಳು. ಆರಂಭಕಾಲದ ಸಣ್ಣ ಮಾಂಸಾಹಾರಿ. ಎರಡು ಕಾಲಿನ ಓಟ, ಟೊಳ್ಳು ಮೂಳೆ, ಉದ್ದ ಕತ್ತು, ಗರಗಸದಂಥ ಹಲ್ಲು. ಆಗ ದೊಡ್ಡ ಬೇಟೆಯೆಲ್ಲ ಮೊಸಳೆಯ ನೆಂಟರದ್ದಂತೆ. ಇದು ಅವುಗಳ ಕಣ್ಣು ತಪ್ಪಿಸಿ, ಹಲ್ಲಿಯಂಥ ಸಣ್ಣಪುಟ್ಟವನ್ನು ಹಿಡಿದು ಬದುಕಬೇಕಿತ್ತು. ಕೋಳಿಯೂ ಅದೇ ಬಳಗವೆಂದು ಅವಳು ಹೇಳಿದ ದಿನದಿಂದ, ಕೆಂಪಿ ಒಂದೊಂದೇ ಕಾಲೆತ್ತಿ ನಡೆಯುವುದಾಗಲಿ, ತಲೆ ವಾರೆ ಮಾಡಿ ಒಂದೇ ಕಣ್ಣಿನಲ್ಲಿ ನನ್ನ ಕಾಲ್ಬೆರಳನ್ನು ಅಳೆಯುವುದಾಗಲಿ ನನಗೆ ಸರಿ ಕಂಡಿರಲಿಲ್ಲ.

ಕೆಂಪಿಯನ್ನು ನಮಗೆ ಕೊಟ್ಟವರು ಪಕ್ಕದ ಮನೆಯ ಮುನಿಯಮ್ಮ. ಅಲ್ಲಾಳಸಂದ್ರ ಹಳ್ಳಿಯಾಗಿದ್ದಾಗಿನಿಂದ ಇಲ್ಲೇ ಇರುವವರು. ತಮ್ಮ ತಾರಸಿಯಿಂದಲೇ ತೀರ್ಪು ಕೊಟ್ಟರು: "ಮೊಟ್ಟೆ ರುಚಿ ಅತ್ತಿದ ಕೋಳಿ ಬಿಡಾಕಿಲ್ಲ ಸಾ. ನಾಳೆ ಬಾನ್ವಾರ, ಸಾರು ಮಾಡ್ಬುಡಿ."

"ಹಂಗಾದ್ರೆ ಕಾಯಿ ತರ್ಬೇಕು ಕಣ್ರೀ," ಎಂದಳು ನನ್ನ ಹೆಂಡತಿ ಸುಧಾ.

ಕೆಳಗೆ ತಿಂಡಿಗೆ ಕೂತಾಗ ಸಿಂಚನ ತಟ್ಟೆ ಸರಿಸಿದಳು. "ಅಪ್ಪಾ, ಕೆಂಪಿ ಮೊಟ್ಟೆ ಒಡೆದಿದ್ದು ನೋಡಿದ್ಯಾ? ಇಲ್ಲ ಒಡೆದ ಮೇಲೆ ನೋಡಿದ್ಯಾ?"

"ಕೊಕ್ಕಲ್ಲಿ ಹಳದಿ ಇತ್ತಲ್ಲಮ್ಮ."

"ಸೀಲೋಫೈಸಿಸ್ ಪಳೆಯುಳಿಕೆ ಹೊಟ್ಟೇಲೂ ಬೇರೆ ಮೂಳೆ ಇತ್ತು. ತನ್ನ ಮರೀನೇ ತಿಂದಿದೆ ಅಂತ ಎಷ್ಟೋ ವರ್ಷ ಅಂದ್ಕೊಂಡಿದ್ರು. ಸರಿಯಾಗಿ ನೋಡಿದ್ರೆ ಅದು ಮೊಸಳೆ ಕಡೆಯ ಯಾವ್ದೋ ಪುಟ್ಟ ಪ್ರಾಣಿ ಮೂಳೆ."

"ಈಗ ಗೊತ್ತಾಗಿ ಅದಕ್ಕೇನು ಲಾಭ? ಸತ್ತು ಎಷ್ಟು ಕೋಟಿ ವರ್ಷ ಆಯ್ತೋ," ಎಂದಳು ಸುಧಾ.

"ಕೆಂಪಿ ಇನ್ನೂ ಸತ್ತಿಲ್ಲಮ್ಮ."

ಅದಾದ ಮೇಲೆ ಯಾರೂ ಕಾಯಿಯ ಮಾತೆತ್ತಲಿಲ್ಲ. ಮುನಿಯಮ್ಮನೇ ಕೊನೆಯ ಪರೀಕ್ಷೆ ಹೇಳಿಕೊಟ್ಟರು. ಮೊಟ್ಟೆಗೆ ತೂತು ಮಾಡಿ, ಅರ್ಧ ಸುರಿದು, ಖಾರದ ಪುಡಿ ತುಂಬಿ, ಗೋಧಿ ಹಿಟ್ಟಿನಿಂದ ಮುಚ್ಚಿ ಗೂಡಿನಲ್ಲಿಡಬೇಕು. "ಕಳ್ಳ ಕೋಳಿ ಆದ್ರೆ ಬಾಯಿ ಸುಟ್ಕಂಡು ಕುಣೀತದೆ." ನಾನು ಬ್ಯಾಡಗಿ ಪುಡಿಗೆ ಕೈಹಾಕಿದಾಗ ಸುಧಾ ತಡೆದಳು. "ಅದು ಬಣ್ಣಕ್ಕೆ. ಗುಂಟೂರು ಹಾಕಿ."

ಭಾನುವಾರ ಬೆಳಿಗ್ಗೆ ನಾನು ಒಣಗಹಾಕಿದ ಬೆಡ್‌ಶೀಟಿನ ಹಿಂದೆ ನಿಂತೆ. ಮುನಿಯಮ್ಮ ತಮ್ಮ ತಾರಸಿಯಲ್ಲಿ ರಾಗಿ ಹರಡುವ ನೆಪದಲ್ಲಿ ನಿಂತರು. ಕೆಂಪಿ ಬಂದು, ಮೊಟ್ಟೆಯನ್ನು ನೋಡಿ, ಆಚೆ ಹೋಯಿತು. ಆಮೇಲೆ ಪೈಪು ಹತ್ತಿ, ಮೋಟುಗೋಡೆಯ ಮೇಲಿಂದ ಮುಂಗುಸಿಯೊಂದು ಇಳಿಯಿತು. ಅದು ನೇರ ಕ್ರೇಟಿಗೆ ಹೋಯಿತು; ದಾರಿ ಗೊತ್ತಿದ್ದವರ ನಡಿಗೆ. ಮೊಟ್ಟೆಯನ್ನು ಹೊರಗುರುಳಿಸಿ ಕಚ್ಚಿತು. ಕೆಂಪು ಹೊಗೆಯೆದ್ದಿತು. ಮುಂಗುಸಿ ಸೀನಿ, ನೆಗೆದು, ಬಂದ ದಾರಿಯಲ್ಲಿ ಮಾಯವಾಯಿತು. ಗಾಳಿ ನನ್ನ ಕಡೆಗಿತ್ತು. ನಾನು ಬೆಡ್‌ಶೀಟನ್ನು ತಂತಿಸಮೇತ ಹಿಡಿದುಕೊಂಡು ಸೀನಿದೆ.

ಆಗ ಕೆಂಪಿ ನಿಧಾನವಾಗಿ ಬಂದು, ಚೆಲ್ಲಿದ್ದ ಹಳದಿಯನ್ನೂ ಗುಂಟೂರನ್ನೂ ಒಟ್ಟಿಗೆ ಕುಕ್ಕಿ ತಿಂದಿತು. ಕುಣಿಯಲಿಲ್ಲ. ಹಕ್ಕಿಗಳಿಗೆ ಮೆಣಸಿನ ಖಾರ ತಗಲುವುದೇ ಇಲ್ಲವೆಂದು ಸಿಂಚನ ಆಮೇಲೆ ಹೇಳಿದಳು. ಅಂದರೆ ನಾವು ಒಡ್ಡಿದ್ದು ಕೋಳಿಯೊಂದನ್ನು ಬಿಟ್ಟು ಉಳಿದವರನ್ನೆಲ್ಲ ಹಿಡಿಯುವ ಬಲೆ.

ಅಂದು ಮನೆಯಲ್ಲಿ ಬೇಳೆ ಸಾರು. ಕ್ರೇಟಿಗೆ ಈಗ ಜಾಲರಿ ಬಾಗಿಲಿದೆ. ಚಿಲಕ ಹಾಕಿ ಎರಡು ಸಲ ಜಗ್ಗುತ್ತೇನೆ. ಆದರೂ ನಾನು ತಾರಸಿಗೆ ಹೋದರೆ ಕೆಂಪಿ ಮೊಟ್ಟೆಯ ಮೇಲಿಂದ ಏಳುವುದಿಲ್ಲ. ತಲೆ ವಾರೆ ಮಾಡಿ ನನ್ನ ಕೈಯನ್ನೇ ನೋಡುತ್ತದೆ. ಮುಂಗುಸಿ ಬಂದದ್ದು ಒಂದು ವಾರ. ಅದಕ್ಕೂ ಮೊದಲು, ಅದಾದ ಮೇಲೂ ಮೊಟ್ಟೆ ಕದಿಯುತ್ತಿರುವವನು ಯಾರೆಂದು ಕೆಂಪಿಗೆ ಅನುಮಾನವೇ ಇಲ್ಲ.

ಆ ಭಾನುವಾರ ತಾರಸಿಯಲ್ಲಿ ನಡೆದದ್ದನ್ನು ಕಣ್ಣಾರೆ ಕಂಡವರು ನಾನು, ಮುನಿಯಮ್ಮ ಮತ್ತು ಕೆಂಪಿ. ಮೂವರೂ ಬದುಕಿದ್ದೇವೆ.